ಗೆರೆ ಸರಿಸಿ, ಮೈ ಕತ್ತರಿಸಬೇಡಿ

ಬ್ಯಾಸ್ಕೆಟ್‌ಬಾಲ್ ವಿಡಿಯೊ ಗೇಮ್ ಆಡುವವರ ಹಕ್ಕೊತ್ತಾಯ ಪತ್ರ

ಗೆ: ಬ್ಯಾಸ್ಕೆಟ್‌ಬಾಲ್ ವಿಡಿಯೊ ಗೇಮ್‌ಗಳ ತಯಾರಕರು, ಪ್ರಕಾಶಕರು ಹಾಗೂ ಗೇಮ್‌ಪ್ಲೇ ವಿಭಾಗದ ಹೊಣೆ ಹೊತ್ತವರಿಗೆ

ಇಂದ: ದುಡ್ಡು ಕೊಟ್ಟು, ನಿದ್ದೆಗೆಟ್ಟು ಬಿಲ್ಡ್ ಕಟ್ಟಿದವರಿಂದ

ವಿಷಯ: ಆಟಗಾರನನ್ನು ಕಟ್ಟುವ ಸ್ವಾತಂತ್ರ್ಯ ಮತ್ತು ಆಟದ ಸಮತೋಲ ಕುರಿತು

ಮಾನ್ಯರೇ,

ಈ ಪತ್ರ ಗೇಮ್ ಆಡದವರ ಕೈಗೂ ಸೇರುತ್ತದೆ. ಹಾಗಾಗಿ ಬಿಲ್ಡ್ ಎಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇವೆ. ಈ ಗೇಮ್‌ಗಳಲ್ಲಿ ಸ್ಟೀಫನ್ ಕರಿಯನ್ನೋ ಲೆಬ್ರಾನ್ ಜೇಮ್ಸ್‌ನನ್ನೋ ಆಡಿಸಬಹುದು. ಅದು ಬೇಡವೆಂದವರು ತಮ್ಮದೇ ಒಬ್ಬ ಆಟಗಾರನನ್ನು ಹುಟ್ಟಿಸಬಹುದು. ಮೊದಲು ಎತ್ತರ, ತೂಕ, ಚಾಚಿದ ತೋಳಿನ ಅಳತೆ ಗೊತ್ತುಮಾಡಬೇಕು. ಆಮೇಲೆ ಲೇಅಪ್, ಡಂಕ್, ಮೂರಂಕದ ಶಾಟ್, ಪಾಸ್, ಸ್ಟೀಲ್, ಬ್ಲಾಕ್, ರಿಬೌಂಡ್, ವೇಗ ಎಂದು ಒಂದೊಂದಕ್ಕೂ ಅಂಕ ಹಂಚಬೇಕು. ಎಲ್ಲದಕ್ಕೂ 99 ಕೊಡುತ್ತೇನೆಂದರೆ ನಡೆಯುವುದಿಲ್ಲ. ಒಂದನ್ನು ಏರಿಸಿದವನು ಇನ್ನೊಂದನ್ನು ಬಿಡಲೇಬೇಕು. ಹೀಗೆ ಕೂಡಿಸಿ ಕಳೆದು ಉಳಿಯುವ ಮೈಯೇ ಬಿಲ್ಡ್.

ಈ ಗೇಮ್‌ಗಳಲ್ಲಿ ಇವತ್ತು ದೊಡ್ಡ ಹೆಸರು ಎನ್‌ಬಿಎ 2ಕೆ. ವಿಷುಯಲ್ ಕಾನ್ಸೆಪ್ಟ್ಸ್ ತಯಾರಿಸಿದ ಮೊದಲ ಆವೃತ್ತಿ ಸೆಗಾ ಡ್ರೀಮ್‌ಕಾಸ್ಟ್‌ಗೆ ಬಂದದ್ದು 1999ರಲ್ಲಿ. 2009ರ 2ಕೆ10ರಲ್ಲಿ ನಮ್ಮದೇ ಆಟಗಾರನನ್ನು ಕಟ್ಟಿ ಬೆಳೆಸುವ ಮೈಪ್ಲೇಯರ್ ಬಂತು. 2ಕೆ13ರಲ್ಲಿ ಅಂಕ ಏರಿಸಲು ಖರ್ಚು ಮಾಡುವ ವರ್ಚುವಲ್ ಕರೆನ್ಸಿ, ನಮ್ಮ ಬಾಯಲ್ಲಿ ವಿಸಿ, ಬಂತು. 2ಕೆ17ರಲ್ಲಿ ಸಿದ್ಧ ಅಚ್ಚುಗಳ ಆರ್ಕಿಟೈಪ್, 2ಕೆ18ರಲ್ಲಿ ಎರಡು ಅಚ್ಚುಗಳ ಜೋಡಿ, 2ಕೆ20ರಲ್ಲಿ ಬಣ್ಣಬಣ್ಣದ ಪೈ ಚಾರ್ಟ್ ಬಂದವು. 2020ರ ಕೊನೆಗೆ ಹೊಸ ಕನ್ಸೋಲ್‌ಗಳಿಗೆ ಬಂದ 2ಕೆ21ರಲ್ಲಿ ಒಂದೊಂದು ಗುಣದ ಅಂಕವನ್ನೂ ನಾವೇ ಇಡುವಂತಾಯಿತು. ಕಟ್ಟುವ ಕೈಗೆ ಸ್ವಾತಂತ್ರ್ಯ ಹೆಚ್ಚುತ್ತ ಬಂದಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎದುರಿಗಿದ್ದ ಎನ್‌ಬಿಎ ಲೈವ್ ಸರಣಿ 2018ರ ಲೈವ್ 19ರ ನಂತರ ಕನ್ಸೋಲ್‌ಗೆ ಮರಳಲಿಲ್ಲ. ಬೀದಿಯಲ್ಲಿ ಒಂದೇ ಅಂಗಡಿ ಇದ್ದಾಗ ಗಿರಾಕಿ ಮುನಿಸಿಕೊಂಡು ಪಕ್ಕದ ಅಂಗಡಿಗೆ ಹೋಗುವಂತಿಲ್ಲ. ಪತ್ರ ಬರೆಯಬಹುದು ಅಷ್ಟೆ.

ನಮ್ಮ ಒತ್ತಾಯಗಳೆಲ್ಲ ನಿಂತಿರುವುದು ಒಂದೇ ತತ್ತ್ವದ ಮೇಲೆ, ಅದು ನಿಜವಾದ ಬ್ಯಾಸ್ಕೆಟ್‌ಬಾಲ್ ಕಲಿಸಿದ್ದು. ಜಾರ್ಜ್ ಮೈಕನ್ ಎಂಬ 6 ಅಡಿ 10 ಅಂಗುಲದ ಸೆಂಟರ್ ಬುಟ್ಟಿಯ ಬುಡದಲ್ಲಿ ನಿಂತರೆ ತಡೆಯುವವರೇ ಇರಲಿಲ್ಲ. ಆಕ್ರಮಣ ಮಾಡುವವರು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದ ಜಾಗಕ್ಕೆ ಲೇನ್ ಎನ್ನುತ್ತಾರೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ 1951ರಲ್ಲಿ ಆ ಲೇನನ್ನು 6 ಅಡಿಯಿಂದ 12 ಅಡಿಗೆ ಅಗಲಿಸಿತು. ವಿಲ್ಟ್ ಚೇಂಬರ್ಲೇನ್ ಬಂದ ಮೇಲೆ, 1964ರಲ್ಲಿ, ಅದು 16 ಅಡಿಯಾಯಿತು. ಚೆಂಡು ಹಿಡಿದು ಕಾಲಹರಣ ಮಾಡುವ ತಂಡಗಳಿಗೆ 1954ರಲ್ಲಿ 24 ಸೆಕೆಂಡಿನ ಗಡಿಯಾರ ಕಟ್ಟಿದರು. ಮೈಕನ್‌ನ ಕಾಲನ್ನು ಯಾರೂ ಕತ್ತರಿಸಲಿಲ್ಲ, ಚೇಂಬರ್ಲೇನ್‌ನ ಜಿಗಿತವನ್ನು ಯಾರೂ ಕಡಿತ ಮಾಡಲಿಲ್ಲ. ಸರಿಸಿದ್ದು ಗೆರೆಯನ್ನು, ಅದೂ ಎಲ್ಲರ ಕಣ್ಣೆದುರಿಗೆ. ಗೇಮ್‌ನಲ್ಲಿ ಇದು ತಿರುವುಮುರುವು: ಗೆರೆ ಇದ್ದಲ್ಲೇ ಇರುತ್ತದೆ, ಬೆಳಗ್ಗೆ ಎದ್ದು ನೋಡಿದರೆ ನಮ್ಮ ಮೈ ಗಿಡ್ಡವಾಗಿರುತ್ತದೆ.

ಆದ್ದರಿಂದ ಕೆಳಗಿನ ಹಕ್ಕೊತ್ತಾಯಗಳನ್ನು ಮುಂದಿಡುತ್ತಿದ್ದೇವೆ.

ಭಾಗ ಒಂದು: ಕಟ್ಟುವ ಹಕ್ಕು

1. ಅಂಕದ ಅರ್ಥವನ್ನು ಕಟ್ಟುವ ಮೊದಲೇ ತಿಳಿಸಬೇಕು.
ಮೂರಂಕದ ಶಾಟ್ 84 ಇದ್ದದ್ದು 85 ಆದರೆ ಏನು ಬದಲಾಗುತ್ತದೆ? ಚೆಂಡು ಬಿಡುವ ಸರಿಯಾದ ಗಳಿಗೆ ಹಿಗ್ಗುತ್ತದೆಯೋ, ವಿಶೇಷ ಕೌಶಲ ಕೊಡುವ ಹೊಸ ಬ್ಯಾಡ್ಜ್ ತೆರೆಯುತ್ತದೆಯೋ, ಬರಿಯ ಸಂಖ್ಯೆಯಷ್ಟೇ ಏರುತ್ತದೆಯೋ? ಒಂದು ಡಂಕ್ ಪಡೆಯಲು ಇಷ್ಟು ಅಂಕ ಬೇಕೆಂಬ ಹೊಸ್ತಿಲುಗಳಿವೆ. ಹೊಸ್ತಿಲಿಗೆ ಒಂದು ಅಂಕ ಕಡಿಮೆಯಾದರೂ ಬಾಗಿಲು ತೆರೆಯದು. ಯಾವ ಅಂಕಕ್ಕೆ ಯಾವ ಬಾಗಿಲು ಎಂಬ ಪೂರ್ತಿ ಪಟ್ಟಿ ಕಟ್ಟುವ ಪರದೆಯ ಮೇಲೆಯೇ ಇರಬೇಕು. ಸಾವಿರ ಪಂದ್ಯ ಆಡಿ, ವಿಡಿಯೊ ನಿಲ್ಲಿಸಿ ನಿಲ್ಲಿಸಿ ಫ್ರೇಮ್ ಎಣಿಸಿದವರು ಹೇಳಿದರೆ ಮಾತ್ರ ನಿಯಮ ಗೊತ್ತಾಗುವುದಾದರೆ ಅದು ನಿಯಮವಲ್ಲ, ಗುಟ್ಟು.

2. ಒಪ್ಪಿಗೆ ಒತ್ತುವ ಮೊದಲು ಮನುಷ್ಯರ ಎದುರು ಪರೀಕ್ಷಿಸಲು ಬಿಡಬೇಕು.
ಬಿಲ್ಡನ್ನು ಆಡಿ ನೋಡುವ ಅವಕಾಶ ಈಗಲೂ ಇದೆ, ಆದರೆ ಎದುರಾಳಿ ಕಂಪ್ಯೂಟರ್. ಅದು ಹೇಳಿಕೊಟ್ಟ ಪಾಠ ಒಪ್ಪಿಸುವ ಹುಡುಗನಂತೆ ಬಂದ ದಾರಿಯಲ್ಲೇ ಬರುತ್ತದೆ. ಪಾರ್ಕಿಗೆ, ಅಂದರೆ ಆನ್‌ಲೈನ್ ಬೀದಿ ಅಂಗಳಕ್ಕೆ, ಇಳಿದ ಮನುಷ್ಯ ಹಾಗಲ್ಲ. ಅವನು ನಮ್ಮ ಎಡಗೈ ದುರ್ಬಲ ಎಂಬುದನ್ನು ಎರಡನೇ ಸಲಕ್ಕೇ ಕಂಡುಹಿಡಿಯುತ್ತಾನೆ. ಹೊಸ ಬಿಲ್ಡ್‌ಗೆ ಹತ್ತು ಆನ್‌ಲೈನ್ ಪಂದ್ಯಗಳು, ಪೂರ್ತಿ ಬೆಳೆದ ಅಂಕಗಳೊಂದಿಗೆ, ಪುಕ್ಕಟೆ ಸಿಗಬೇಕು. ಸೀರೆ ಕೊಳ್ಳುವವರೂ ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತಾರೆ.

3. ವಿಚಿತ್ರ ಮೈಗಳಿಗೂ ಜಾಗವಿರಬೇಕು.
1987–88ರಲ್ಲಿ ವಾಷಿಂಗ್ಟನ್ ತಂಡದಲ್ಲಿ 5 ಅಡಿ 3 ಅಂಗುಲದ ಮಗ್ಸಿ ಬೋಗ್ಸ್ ಮತ್ತು 7 ಅಡಿ 7 ಅಂಗುಲದ ಮನುಟೆ ಬೋಲ್ ಒಟ್ಟಿಗೆ ಆಡಿದರು. ಬೋಗ್ಸ್ ತನ್ನ ವೃತ್ತಿಜೀವನದಲ್ಲಿ ಮಾಡಿದ್ದು 39 ಬ್ಲಾಕ್; ಅದರಲ್ಲಿ 1993ರ ಒಂದು, ಏಳಡಿಯ ಪ್ಯಾಟ್ರಿಕ್ ಯೂಯಿಂಗ್‌ನ ಶಾಟ್. ಅದೇ 1993ರಲ್ಲಿ, ಗಳಿಸಿದ ಅಂಕಗಳಿಗಿಂತ ಮಾಡಿದ ಬ್ಲಾಕ್‌ಗಳೇ ಹೆಚ್ಚಿರುವ ಬೋಲ್, ಫೀನಿಕ್ಸ್ ವಿರುದ್ಧ ದ್ವಿತೀಯಾರ್ಧವೊಂದರಲ್ಲೇ ಆರು ಸಲ ಮೂರಂಕದ ಶಾಟ್ ಹಾಕಿದ. ಇಬ್ಬರನ್ನೂ ಬಿಲ್ಡ್ ಪರದೆಯಲ್ಲಿ ಕಟ್ಟಹೊರಟರೆ ಮಿತಿಗಳು ಅಡ್ಡ ಬರುತ್ತವೆ. ಗಿಡ್ಡನಿಗೆ ಬ್ಲಾಕ್ ದುಬಾರಿಯಾಗಿರಲಿ, ಎತ್ತರದವನಿಗೆ ಶಾಟ್ ದುಬಾರಿಯಾಗಿರಲಿ. ಬೆಲೆ ಕೊಡಲು ಸಿದ್ಧರಿದ್ದವರಿಗೆ ‘ಸಿಗುವುದೇ ಇಲ್ಲ’ ಎನ್ನಬೇಡಿ.

4. ಸ್ಥಾನದ ಹೆಸರಿಗೆ ಕೌಶಲವನ್ನು ಕಟ್ಟಿಹಾಕಬಾರದು.
6 ಅಡಿ 9 ಅಂಗುಲದ ಮ್ಯಾಜಿಕ್ ಜಾನ್ಸನ್ ಪಾಯಿಂಟ್ ಗಾರ್ಡ್ ಆಗಿದ್ದ. ನಿಕೋಲಾ ಯೋಕಿಚ್ ಸೆಂಟರ್ ಆಗಿಯೇ ಇಡೀ ತಂಡದ ಚೆಂಡು ಹಂಚುತ್ತ 2021, 2022, 2024ರಲ್ಲಿ ಎಂವಿಪಿ, ಅಂದರೆ ಲೀಗ್‌ನ ಅತ್ಯಮೂಲ್ಯ ಆಟಗಾರ, ಆದ. 6 ಅಡಿ 7 ಅಂಗುಲದ ಡೆನಿಸ್ ರಾಡ್‌ಮನ್ ತನಗಿಂತ ಎತ್ತರದವರ ನಡುವೆ ಸತತ ಏಳು ಸೀಸನ್ ರಿಬೌಂಡ್‌ನಲ್ಲಿ ಮೊದಲಿಗನಾದ. ಗಾರ್ಡ್, ಫಾರ್ವರ್ಡ್, ಸೆಂಟರ್ ಎಂಬುವು ಅಂಗಳದ ಮೇಲೆ ನಿಲ್ಲುವ ಜಾಗದ ಹೆಸರುಗಳು. ಅವನ್ನು ಜಾತಿ ಮಾಡಬೇಡಿ.

5. ಆಟಗಾರ್ತಿಯರಿಗೂ ಅದೇ ಬಿಲ್ಡರ್, ಅದೇ ಅಂಗಳ ಸಿಗಬೇಕು.
ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎಯ ತಂಡಗಳು 2ಕೆ ಸರಣಿಗೆ ಬಂದದ್ದು 2ಕೆ20ರಲ್ಲಿ. ಆಟಗಾರ್ತಿಯನ್ನು ಕಟ್ಟುವ ಅವಕಾಶವನ್ನು 2018ರ ಎನ್‌ಬಿಎ ಲೈವ್ 19 ಅದಕ್ಕೂ ಮೊದಲೇ ಕೊಟ್ಟಿತ್ತು. ಮಾಡಿ ತೋರಿಸಿದವರು ಇರುವಾಗ ಆಗುವುದಿಲ್ಲ ಎನ್ನುವಂತಿಲ್ಲ. ಗಂಡಿನ ಬಿಲ್ಡ್‌ಗೆ ಎಷ್ಟು ಅಂಕ, ಎಷ್ಟು ಬ್ಯಾಡ್ಜ್, ಎಷ್ಟು ಅಂಗಳವೋ ಹೆಣ್ಣಿನ ಬಿಲ್ಡ್‌ಗೂ ಅಷ್ಟೇ ಸಿಗಬೇಕು.

ಭಾಗ ಎರಡು: ಸಮತೋಲ

6. ಬಿಟ್ಟುಕೊಟ್ಟದ್ದು ನೋಯಬೇಕು.
ಸಮತೋಲವೆಂದರೆ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸುವುದಲ್ಲ. ಒಂದು ಬಲ ಕೊಂಡವನಿಗೆ ಒಂದು ಬಲಹೀನತೆ ನಿಜವಾಗಿ ಅಂಟಿಕೊಳ್ಳಬೇಕು. ಫ್ರೀ ಥ್ರೋ ಅಂಕವನ್ನೇ ನೋಡಿ. ಶಕೀಲ್ ಓನೀಲ್ ವೃತ್ತಿಜೀವನದಲ್ಲಿ ಫ್ರೀ ಥ್ರೋ ಹಾಕಿದ್ದು ಶೇ 52.7ರಷ್ಟು ಮಾತ್ರ, ಎದುರಾಳಿಗಳು ಅವನಿಗೆ ಬೇಕೆಂದೇ ಫೌಲ್ ಮಾಡಿ ಆ ದೌರ್ಬಲ್ಯದ ಬೆಲೆ ವಸೂಲು ಮಾಡಿದರು. ಗೇಮ್‌ನ ಪಾರ್ಕ್ ಪಂದ್ಯದಲ್ಲಿ ಫ್ರೀ ಥ್ರೋ ಎಂಬುದೇ ಇಲ್ಲ. ಆದ್ದರಿಂದ ಅಲ್ಲಿ ಆಡುವ ಜಾಣರೆಲ್ಲ ಫ್ರೀ ಥ್ರೋ ಅಂಕವನ್ನು ನೆಲಕ್ಕೆ ಇಳಿಸಿ, ಉಳಿದದ್ದನ್ನು ಬೇರೆಡೆ ಸುರಿಯುತ್ತಾರೆ. ಅವರನ್ನು ಬಯ್ಯುವುದಿಲ್ಲ, ನಾವೂ ಅದನ್ನೇ ಮಾಡಿದ್ದೇವೆ. ತಪ್ಪಿರುವುದು ತಕ್ಕಡಿಯಲ್ಲಿ: ಯಾವ ಮೋಡ್‌ನಲ್ಲಿ ಯಾವ ಗುಣ ಕೆಲಸಕ್ಕೆ ಬಾರದೋ ಅಲ್ಲಿ ಅದನ್ನು ಬಿಟ್ಟುಕೊಟ್ಟದ್ದಕ್ಕೆ ಪ್ರತಿಫಲ ಕೊಡಬಾರದು.

7. ಮೂರಂಕದ ಲೆಕ್ಕ ಮರೆಯಬಾರದು.
ನೂರಕ್ಕೆ 40 ಸಲ ಮೂರಂಕದ ಶಾಟ್ ಬಿದ್ದರೆ ಪ್ರತಿ ಪ್ರಯತ್ನಕ್ಕೆ ಸರಾಸರಿ 1.2 ಅಂಕ. ಎರಡಂಕದವನು ಅವನನ್ನು ಸರಿಗಟ್ಟಲು ನೂರಕ್ಕೆ 60 ಹಾಕಬೇಕು. ಮೂರಂಕದವನು 60ಕ್ಕೆ ಏರಿದನೋ, ಎರಡಂಕದವನು 90 ಮುಟ್ಟಬೇಕು. ಅಂದರೆ ಡಂಕ್ ಬಿಟ್ಟು ಬೇರೇನೂ ಮಾಡುವಂತಿಲ್ಲ. ದೂರದ ಶಾಟ್ ಸಲೀಸಾದ ದಿನವೇ ಪೋಸ್ಟ್‌ನಲ್ಲಿ ಬೆನ್ನು ಕೊಟ್ಟು ಆಡುವ ಸೆಂಟರ್, ಮಧ್ಯದೂರದ ಶಾಟ್ ಹಾಕುವ ಕಸುಬುದಾರ, ರಿಬೌಂಡಿಗೆಂದೇ ಬಾಳುವ ಬಡಪಾಯಿ ಎಲ್ಲರೂ ನಿರುದ್ಯೋಗಿಗಳು. ಉಳಿಯುವುದು ಒಂದೇ ಬಿಲ್ಡ್, ಹತ್ತು ಮೈಗಳ ಮೇಲೆ. ಮೆಟಾ ಎಂದು ನಾವು ಕರೆಯುವ ಈ ಏಕಬೆಳೆ ಪದ್ಧತಿಗೆ ಮದ್ದು ಶೂಟರ್‌ನ ಅಂಕ ಕೊಯ್ಯುವುದಲ್ಲ. ಎದುರಿಗೆ ಕೈ ಎತ್ತಿ ನಿಂತ ರಕ್ಷಕನಿಗೆ ಬೆಲೆ ಬರಲಿ, ಓಡಿ ದಣಿದ ಕಾಲಿಗೆ ದಣಿವು ಕಾಣಲಿ, ಒಳಗೆ ನುಗ್ಗಿದವನಿಗೆ ಫೌಲ್ ಸಿಗಲಿ.

8. ಪಿಂಗ್ ಕೂಡ ಒಂದು ಗುಣವೆಂದು ಒಪ್ಪಿಕೊಳ್ಳಬೇಕು.
ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್. ಸರ್ವರ್‌ಗೆ ಸಂಕೇತ ಹೋಗಿಬರುವ ಕಾಲವೇ ಪಿಂಗ್; ಅದು 100 ಮಿಲಿಸೆಕೆಂಡ್ ಇದ್ದವನು ಆರು ಫ್ರೇಮ್ ಹಿಂದಿದ್ದಾನೆ. ಬೆಂಗಳೂರಿನ ಅಣ್ಣ ಕ್ಯಾಲಿಫೋರ್ನಿಯಾದ ತಮ್ಮನ ಜತೆ ಒಂದೇ ತಂಡದಲ್ಲಿ ಆಡಿದರೆ ನಡುವೆ ಸುಮಾರು 14,000 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ತಂತಿ ನೇರವಾಗಿಯೇ ಇದ್ದರೂ ಹೋಗಿಬರಲು 140 ಮಿಲಿಸೆಕೆಂಡ್ ಬೇಕು. ಇದು ಯಾರ ತಪ್ಪೂ ಅಲ್ಲ, ಭೂಮಿಯ ಗಾತ್ರವೇ ಅಷ್ಟು. ಆದರೆ 95 ಅಂಕದ ಶೂಟಿಂಗ್ ಹಣ ಕೊಟ್ಟು ಕೊಂಡವನಿಗೆ ಸಮುದ್ರದಾಚೆ ಅದು ಎಷ್ಟಾಗಿ ಉಳಿಯುತ್ತದೆ ಎಂಬುದನ್ನು ಮುಚ್ಚಿಡುವುದು ತಪ್ಪು. ಪಂದ್ಯ ಯಾವ ಊರಿನ ಸರ್ವರ್‌ನಲ್ಲಿ ನಡೆಯುತ್ತದೆ, ಪ್ರತಿಯೊಬ್ಬರ ಪಿಂಗ್ ಎಷ್ಟು ಎಂಬುದನ್ನು ಆಡುವ ಮೊದಲೇ ತೋರಿಸಬೇಕು, ಬೇಡವೆಂದವರು ದಂಡವಿಲ್ಲದೆ ಹೊರಬರುವಂತಿರಬೇಕು.

9. ಜೋಡಿ ಕಟ್ಟುವಾಗ ತೂಕ ನೋಡಬೇಕು.
ಇವತ್ತೇ ಹುಟ್ಟಿದ 60 ಓವರಾಲ್‌ನ, ಅಂದರೆ ಒಟ್ಟಾರೆ ಅಂಕದ, ಕೂಸನ್ನು 90 ದಾಟಿದ ಪೈಲ್ವಾನರ ಅಖಾಡಕ್ಕೆ ತಳ್ಳಬಾರದು. ಒಬ್ಬೊಬ್ಬರಾಗಿ ಬಂದ ಐವರು ಅಪರಿಚಿತರನ್ನು, ಹೆಡ್‌ಸೆಟ್ ಹಾಕಿಕೊಂಡು ವರ್ಷವಿಡೀ ಒಟ್ಟಿಗೆ ಆಡಿದ ಐವರ ಎದುರು ನಿಲ್ಲಿಸಬಾರದು. ಹಾಗೆ ನಿಲ್ಲಿಸಿದಲ್ಲಿ ಯಾವ ಬಿಲ್ಡ್‌ನ ಸಮತೋಲವೂ ಪರೀಕ್ಷೆಗೆ ಒಳಗಾಗುವುದಿಲ್ಲ, ಹೊಸಬನ ತಾಳ್ಮೆ ಮಾತ್ರ ಪರೀಕ್ಷೆಗೆ ಒಳಗಾಗುತ್ತದೆ.

ಭಾಗ ಮೂರು: ತಿದ್ದುವ ರೀತಿ

10. ಗುಟ್ಟಾಗಿ ತಿದ್ದಬಾರದು.
1993ರಲ್ಲಿ ಮಿಡ್‌ವೇ ಸಂಸ್ಥೆಯ ಎನ್‌ಬಿಎ ಜ್ಯಾಮ್ ಬಂತು. ಅದನ್ನು ರೂಪಿಸಿದ ಮಾರ್ಕ್ ಟರ್ಮೆಲ್ ಡೆಟ್ರಾಯಿಟ್ ಪಿಸ್ಟನ್ಸ್ ಅಭಿಮಾನಿ. ಪಿಸ್ಟನ್ಸ್ ಎದುರು ಬಿಗಿಯಾದ ಪಂದ್ಯದಲ್ಲಿ ಶಿಕಾಗೊ ಬುಲ್ಸ್ ಕೊನೆಯ ಗಳಿಗೆಯಲ್ಲಿ ಎಸೆದ ಶಾಟ್ ತಪ್ಪುವಂತೆ ತಾನೇ ಕೋಡ್ ಬರೆದಿದ್ದಾಗಿ ಅವರು ವರ್ಷಗಳ ನಂತರ ಒಪ್ಪಿಕೊಂಡರು. ಕೇಳಿ ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಆ ಕಾಲದಲ್ಲಿ ನಾಣ್ಯ ಹಾಕಿ ಬುಲ್ಸ್ ಆಡಿದ ಹುಡುಗ ಸೋತದ್ದು ತನ್ನ ಕೈತಪ್ಪಿನಿಂದ ಎಂದುಕೊಂಡೇ ಮನೆಗೆ ಹೋಗಿರಬೇಕು. ಇಂದು ಗೇಮ್‌ಗೆ ತಿದ್ದುಪಡಿ, ಅಂದರೆ ಪ್ಯಾಚ್, ಬಂದಾಗ ಅದರ ಟಿಪ್ಪಣಿಯಲ್ಲಿ ‘ಶೂಟಿಂಗ್ ಸುಧಾರಿಸಲಾಗಿದೆ’ ಎಂಬಂಥ ಸಾಲು ಓದಿದಾಗ ನಮಗೆ ಆ ಹುಡುಗನ ನೆನಪಾಗುತ್ತದೆ. ಯಾವ ಗುಣ, ಎಷ್ಟು ಇತ್ತು, ಎಷ್ಟಾಯಿತು, ಏಕೆ ಎಂಬ ನಾಲ್ಕು ಕಲಂಗಳ ಪಟ್ಟಿ ಪ್ರತಿ ಪ್ಯಾಚ್ ಜತೆಗೂ ಬರಬೇಕು.

11. ಸೀಸನ್ ನಡುವೆ ತಿದ್ದಿದರೆ ಮರುಕಟ್ಟುವ ಹಕ್ಕು ಉಚಿತವಾಗಿ ಸಿಗಬೇಕು.
ತುರ್ತಾಗಿ ತಿದ್ದಲೇಬೇಕಾದ ಸಂದರ್ಭಗಳಿವೆ. 2020ರ ಸೆಪ್ಟೆಂಬರ್‌ನಲ್ಲಿ 2ಕೆ21ರ ಹಳೆಯ ತಲೆಮಾರಿನ ಆವೃತ್ತಿ ಬಂದಾಗ ಹೊಸ ಬಗೆಯ ಶೂಟಿಂಗ್ ಎಷ್ಟು ಕಠಿಣವಾಗಿತ್ತೆಂದರೆ, ಆ ಆವೃತ್ತಿಯ ಮುಖಚಿತ್ರದಲ್ಲಿದ್ದ ಡೇಮಿಯನ್ ಲಿಲರ್ಡ್ ಅವರೇ ಅದನ್ನು ತಿದ್ದಬೇಕೆಂದು ಬಹಿರಂಗವಾಗಿ ಹೇಳಿದರು. ಕೆಲವೇ ದಿನಗಳಲ್ಲಿ ತಿದ್ದುಪಡಿ ಬಂತು. ಅಂಥದ್ದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಸೆಪ್ಟೆಂಬರ್‌ನ ನಿಯಮ ನಂಬಿ ಕಟ್ಟಿದ ಬಿಲ್ಡ್ ನವೆಂಬರ್‌ನ ಪ್ಯಾಚ್‌ನಿಂದ ಸೊರಗಿದರೆ, ಅದಕ್ಕೆ ಸುರಿದ ವಿಸಿ ಮತ್ತು ಗಂಟೆಗಟ್ಟಲೆ ಆಡಿ ಗಳಿಸಿದ ಬ್ಯಾಡ್ಜ್‌ಗಳು ಪೂರ್ತಿ ಮರಳಬೇಕು. ಮನೆ ಕಟ್ಟಿದ ಮೇಲೆ ರಸ್ತೆ ಅಗಲಿಸುವವರು ಪರಿಹಾರ ಕೊಡಬೇಕಾಗುತ್ತದೆ; ಇಲ್ಲಿಯೂ ಅದೇ ನ್ಯಾಯ.

12. ತಪ್ಪಿದ್ದನ್ನು ಹಿಂತೆಗೆಯಲು ನಾಚಬಾರದು.
ಎನ್‌ಬಿಎ 1994ರಲ್ಲಿ ಮೂರಂಕದ ಗೆರೆಯನ್ನು ಸುತ್ತಲೂ 22 ಅಡಿಗೆ ಹತ್ತಿರ ತಂದಿತು. ಮೂರು ಸೀಸನ್ ನೋಡಿ, 1997ರಲ್ಲಿ ಮತ್ತೆ ಹಳೆಯ ಜಾಗಕ್ಕೇ, ನಡುವೆ 23 ಅಡಿ 9 ಅಂಗುಲಕ್ಕೆ ಒಯ್ದಿತು. 2006ರಲ್ಲಿ ಚರ್ಮದ ಚೆಂಡಿನ ಬದಲು ಕೃತಕ ವಸ್ತುವಿನ ಚೆಂಡು ತಂದಾಗ ಬೆರಳು ಸೀಳುತ್ತದೆಂದು ಆಟಗಾರರು ದೂರಿದರು, ಅವರ ಸಂಘ ಕಾರ್ಮಿಕ ಮಂಡಳಿಯ ಮೆಟ್ಟಿಲು ಹತ್ತಿತು. 2007ರ ಜನವರಿ 1ರಿಂದ ಚರ್ಮದ ಚೆಂಡು ಮರಳಿತು. ಅಷ್ಟು ದೊಡ್ಡ ಲೀಗ್ ಇಂಥ ದಿನದಿಂದ ಎಂದು ದಿನಾಂಕ ಸಾರಿ ಹೆಜ್ಜೆ ಹಿಂದಿಟ್ಟದ್ದರಿಂದ ಅದರ ಮಾನವೇನೂ ಹೋಗಲಿಲ್ಲ.

13. ತಿದ್ದುವ ಮೊದಲು ಆಡುವವರನ್ನು ಕೇಳಬೇಕು.
ಆ ಚೆಂಡಿನ ಪಾಠ ಇನ್ನೊಂದಿದೆ: ಮೊದಲೇ ಕೇಳಿದ್ದರೆ ಬೆರಳು ಉಳಿಯುತ್ತಿತ್ತು. ದೊಡ್ಡ ಬದಲಾವಣೆಗಳನ್ನು ಮೊದಲು ಪ್ರತ್ಯೇಕ ಅಂಗಳದಲ್ಲಿ ಎರಡು ವಾರ ಆಡಿಸಿ. ಕೇಳುವಾಗ ಜನಪ್ರಿಯ ಸ್ಟ್ರೀಮರ್‌ಗಳನ್ನು ಮಾತ್ರ ಕೂರಿಸಿಕೊಳ್ಳಬೇಡಿ. ವಾರಕ್ಕೆ ಮೂರು ಪಂದ್ಯ ಆಡುವ ನೌಕರಸ್ಥನಿಗೂ, ಒಬ್ಬಳೇ ಬಂದು ರೆಕ್ ಎಂಬ ಐವರ ಪಂದ್ಯ ಆಡುವವಳಿಗೂ, ಸೆಂಟರ್ ಬಿಟ್ಟು ಬೇರೆ ಆಡದ ಹಠವಾದಿಗೂ ಕುರ್ಚಿ ಇರಲಿ.

ಭಾಗ ನಾಲ್ಕು: ದುಡ್ಡು ಮತ್ತು ಕಾಲ

14. ಆಟದ ಬೆಲೆ ಒಂದು ಸಲ ತೆಗೆದುಕೊಂಡ ಮೇಲೆ ಮೈಯ ಬೆಲೆ ಮತ್ತೆ ಕೇಳಬಾರದು.
ಬಟ್ಟೆ, ಬೂಟು, ಹಚ್ಚೆ, ಕೇಶವಿನ್ಯಾಸ ಎಷ್ಟಕ್ಕೆ ಬೇಕಾದರೂ ಮಾರಿ. ಅಂಗಳದಲ್ಲಿ ಗೆಲುವು ಸೋಲು ನಿರ್ಧರಿಸುವ ಅಂಕಗಳನ್ನು ಮಾರಬೇಡಿ. ಕನಿಷ್ಠಪಕ್ಷ ಒಬ್ಬ ಆಟಗಾರ ದುಡ್ಡು ಸುರಿಯದೆ, ಸಾಧಾರಣ ಪ್ರಮಾಣದಲ್ಲಿ ಆಡಿ, ಒಂದು ಬಿಲ್ಡನ್ನು ಪೂರ್ತಿ ಬೆಳೆಸಲು ಎಷ್ಟು ಗಂಟೆ ಬೇಕು ಎಂಬುದನ್ನು ಡಬ್ಬಿಯ ಮೇಲೆಯೇ ಅಚ್ಚುಹಾಕಿ. ಬಿಸ್ಕತ್ತಿನ ಪೊಟ್ಟಣದ ಮೇಲೆ ಸಕ್ಕರೆಯ ಪ್ರಮಾಣ ಬರೆಯುತ್ತಾರಲ್ಲ, ಹಾಗೆ.

15. ಒಂದೇ ಹೆಸರಿಗೆ ಒಂದೇ ಆಟ.
ಹೊಸ ಕನ್ಸೋಲ್‌ಗಳಲ್ಲಿ ಹೊಸ ಬಿಲ್ಡರ್ ಬಂದು ಸುಮಾರು ನಾಲ್ಕು ವರ್ಷವಾಗುವವರೆಗೂ ಕಂಪ್ಯೂಟರ್‌ನಲ್ಲಿ ಆಡುವವರಿಗೆ ಹಳೆಯ ತಲೆಮಾರಿನ ಆವೃತ್ತಿಯೇ ಸಿಗುತ್ತಿತ್ತು. 2024ರ 2ಕೆ25ರಲ್ಲಷ್ಟೇ ಆ ಭೇದ ಅಳಿಯಿತು. 2023ರಲ್ಲಿ 2ಕೆ24ಕ್ಕೆ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಬಂದ ವಿಮರ್ಶೆಗಳ ಕಹಿಗೆ ಇದೂ ಒಂದು ಕಾರಣ. ಆ ಕಾಲ ಮರಳಬಾರದು.

16. ಸರ್ವರ್ ಮುಚ್ಚಿದ ಮೇಲೂ ಬಿಲ್ಡ್ ಬದುಕಬೇಕು.
2ಕೆ20ರ ಸರ್ವರ್‌ಗಳು 2021ರ ಡಿಸೆಂಬರ್ 31ರಂದು ಮುಚ್ಚಿದವು, 2ಕೆ21ರವು 2022ರ ಡಿಸೆಂಬರ್ 31ರಂದು. ಊರೆಲ್ಲ ಹೊಸ ವರ್ಷಕ್ಕೆ ಪಟಾಕಿ ಹಚ್ಚುವ ರಾತ್ರಿ, ಒಂದು ಅಂಗಳದ ದೀಪ ಆರುತ್ತದೆ. ಸರ್ವರ್ ಸದಾ ನಡೆಸಿ ಎನ್ನುವುದಿಲ್ಲ, ಅದಕ್ಕೆ ಖರ್ಚಿದೆ ಎಂಬುದು ಗೊತ್ತು. ಮುಚ್ಚುವ ಮೊದಲು ಪ್ರತಿಯೊಬ್ಬರೂ ತಮ್ಮ ಬಿಲ್ಡನ್ನು ಇಳಿಸಿಕೊಂಡು ಮನೆಯಲ್ಲೇ, ನೆಟ್ ಇಲ್ಲದೆ, ಗೆಳೆಯನ ಜತೆ ಒಂದೇ ಸೋಫಾದಲ್ಲಿ ಕೂತು ಆಡುವಂತೆ ಮಾಡಿಕೊಡಿ.

ನಮ್ಮ ಹೊಣೆ

ಕೇಳುವುದಷ್ಟೇ ನಮ್ಮ ಕೆಲಸವಲ್ಲ. ದೋಷ ಕಂಡರೆ ಅದನ್ನೇ ಬಳಸಿ ಗೆಲ್ಲುವ ಬದಲು ನಿಮಗೆ ತಿಳಿಸುತ್ತೇವೆ. ಸೋಲುತ್ತಿರುವ ಪಂದ್ಯದಿಂದ ತಂತಿ ಕಿತ್ತು ಓಡುವುದಿಲ್ಲ. ಪಾಸ್ ಕೊಡದೆ ಶಾಟ್ ಎಸೆಯುವ ಚಾಳಿಗೆ ಬಿಲ್ಡ್‌ನ ದೌರ್ಬಲ್ಯವನ್ನು ನೆಪ ಮಾಡುವುದಿಲ್ಲ. ನಾವು ಕಟ್ಟಿದ ಬಿಲ್ಡ್ ಕೆಟ್ಟದ್ದಾಗಿದ್ದರೆ, ಕೆಟ್ಟದ್ದು ನಮ್ಮ ಲೆಕ್ಕಾಚಾರವೆಂದು ಒಪ್ಪಿಕೊಳ್ಳುತ್ತೇವೆ. ಲೆಕ್ಕ ತಪ್ಪುವ ಹಕ್ಕೂ ನಮ್ಮದೇ. ಅದನ್ನು ನಮ್ಮ ಪರವಾಗಿ ನೀವು ತಪ್ಪಿಸಬೇಡಿ.

ಹೊಸ ಆವೃತ್ತಿಗಳು ಸೆಪ್ಟೆಂಬರ್‌ನಲ್ಲಿ ಬರುತ್ತವೆ. ಈ ಹದಿನಾರರಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಆಗದಿದ್ದರೆ ಏಕೆ ಎಂಬ ಲಿಖಿತ ಉತ್ತರವನ್ನು ಬರುವ ಸೆಪ್ಟೆಂಬರ್‌ಗೆ ಮೊದಲು ಪ್ರಕಟಿಸಬೇಕೆಂದು ಒತ್ತಾಯಿಸುತ್ತೇವೆ. ಹದಿನಾರನ್ನೂ ಒಮ್ಮೆಗೇ ಮಾಡಲಾಗದಿದ್ದರೆ ಹತ್ತನೆಯದು ಮತ್ತು ಹನ್ನೊಂದನೆಯದರಿಂದ ಆರಂಭಿಸಿ. ಲೇನ್ ಹದಿನಾರು ಅಡಿಯಾದ ಮೇಲೂ ಚೇಂಬರ್ಲೇನ್ ಆಡುತ್ತಲೇ ಇದ್ದ, ಗೆಲ್ಲುತ್ತಲೂ ಇದ್ದ. ನಿಯಮ ಎಲ್ಲರಿಗೂ ಒಂದೇ, ಮೈ ಮಾತ್ರ ತನ್ನದು ಎಂಬ ಧೈರ್ಯ ಅವನಿಗಿತ್ತು. ನಮಗೂ ಅಷ್ಟೇ ಬೇಕು.

ಇಂತಿ,

ಪಾಸ್ ಕೊಡಲೆಂದೇ ಕಟ್ಟಿದ 6 ಅಡಿ 1 ಅಂಗುಲದ ಒಬ್ಬ ಗಾರ್ಡ್

ಯಾರೂ ಚೆಂಡು ಕೊಡದ 7 ಅಡಿಯ ಒಬ್ಬ ಸೆಂಟರ್

ಮೂರಂಕದ ಶಾಟ್ 92 ಇದ್ದೂ ಪಿಂಗ್ 140 ಇರುವ ಒಬ್ಬ ಶೂಟರ್

60 ಓವರಾಲ್‌ನಲ್ಲಿ ಮೊನ್ನೆ ತಾನೇ ಹುಟ್ಟಿದ ಒಬ್ಬ ಹೊಸಬ

ಹಾಗೂ ಸರ್ವರ್ ಜತೆಗೆ ಅಳಿಸಿಹೋದ, ಸಹಿ ಹಾಕಲಾಗದ ಎಲ್ಲ ಬಿಲ್ಡ್‌ಗಳ ಪರವಾಗಿ ಅವುಗಳನ್ನು ಕಟ್ಟಿದವರು